ವಾಣಿ ವಿಲಾಸ ಸಾಗರದಲ್ಲಿ ಕ್ಯಾಟಮರಾನ್ ಪಂದ್ಯ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಮ್ಮದು ಹಿರಿಯೂರಿನ ಸಾಹಸ ಕ್ರೀಡಾ ಬಳಗ. ಕರಾವಳಿಯಿಂದ ಆರು ಹೋಬಿ 16 ಕ್ಯಾಟಮರಾನ್ (ಎರಡು ಒಡಲಿನ ಹಾಯಿದೋಣಿ) ಬಾಡಿಗೆಗೆ ತರಿಸಿ, ಐದು ದಿನ ತರಬೇತಿ, ಆಮೇಲೆ ಎರಡು ದಿನ ಪಂದ್ಯ ನಡೆಸಬೇಕೆಂದಿದ್ದೇವೆ. ಕಲಿಯುವವರು 24 ಮಂದಿ. ವಾಣಿ ವಿಲಾಸ ಸಾಗರ ಒಳ್ಳೆಯದೋ, ಸೂಳೆಕೆರೆಯೋ? ಯಾವ ತಿಂಗಳು?

ಜಾಗಕ್ಕಿಂತ ಮೊದಲು ರಕ್ಷಣಾ ದೋಣಿಯ ಲೆಕ್ಕ ಹಾಕಿ. ಹೊಸಬರು ಹತ್ತಿದ ಮೂರು ಕ್ಯಾಟಮರಾನ್‌ಗೆ ಮೋಟಾರಿನ ರಬ್ಬರ್ ದೋಣಿ ಒಂದು ಬೇಕು. ಆರಕ್ಕೆ ಎರಡು. ಸ್ಟಾರ್ಟ್ ಕೊಡುವ ಅಧಿಕಾರಿಯ ದೋಣಿ ಇದರಲ್ಲಿ ಸೇರುವುದಿಲ್ಲ, ಅದು ಲಂಗರು ಹಾಕಿ ನಿಂತಿರುವಂಥದ್ದು, ಅಪಘಾತವಾದಾಗ ಓಡಲಾರದು. ರಕ್ಷಣಾ ದೋಣಿ ಒಂದೇ ಸಿಕ್ಕಿದರೆ ಮೂರೇ ಕ್ಯಾಟಮರಾನ್ ಇಳಿಸಿ, ಮಿಕ್ಕವು ದಡದಲ್ಲಿರಲಿ. ಈ ವಿಷಯದಲ್ಲಿ ರಾಜಿ ಬೇಡ.

ಎರಡು ಜಾಗಗಳಲ್ಲಿ ನನ್ನ ಮತ ವಾಣಿ ವಿಲಾಸ ಸಾಗರಕ್ಕೆ. ಚನ್ನಗಿರಿ ತಾಲೂಕಿನ ಸೂಳೆಕೆರೆ ಬಹಳ ವಿಶಾಲ, ಗಾಳಿಗೂ ಕೊರತೆ ಇಲ್ಲ. ಆದರೆ ಅದು ಆಳ ಕಡಿಮೆ ಇರುವ, ಹೂಳು ತುಂಬಿದ ಕೆರೆ. ಹೋಬಿ 16ರ ಹಾಯಿಕಂಬ ಸುಮಾರು 8 ಮೀಟರ್ ಉದ್ದ. ದೋಣಿ ಪೂರ್ತಿ ತಲೆಕೆಳಗಾದರೆ ಕಂಬದ ತುದಿ ಹೂಳಿಗೆ ಕಚ್ಚಿಕೊಳ್ಳುತ್ತದೆ. ಎಳೆದರೆ ಕಂಬ ಬಾಗುತ್ತದೆ, ಇಲ್ಲವೇ ಬುಡ ಕಿತ್ತು ಬರುತ್ತದೆ. ವಾಣಿ ವಿಲಾಸ ಸಾಗರದ ನಡುಭಾಗದಲ್ಲಿ ಈ ಭಯ ಕಡಿಮೆ.

ಅಲ್ಲಿಯ ತೊಂದರೆ ಬೇರೆ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ಈ ಅಣೆಕಟ್ಟೆ ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿದೆ. ನೀರು ಅಲ್ಲಿಂದ ಹೊಸದುರ್ಗದ ಕಡೆಗೆ ಹರಡಿಕೊಂಡಿದೆ. ಮುಂಗಾರಿನ ನೈಋತ್ಯ ಗಾಳಿಗೆ ಕೈತಪ್ಪಿದ ದೋಣಿ ತೇಲಿಕೊಂಡು ಬರುವುದು ಕಟ್ಟೆಯ ಕಡೆಗೇ. ಚಳಿಗಾಲದಲ್ಲಿ ಗಾಳಿ ಮೂಡಣದಿಂದ ಬೀಸಿದಾಗ ಕಟ್ಟೆಯ ಹತ್ತಿರದ ನೀರು ಗುಡ್ಡದ ಮರೆಗೆ ಬಿದ್ದು, ಒಂದು ನಿಮಿಷ ಗಾಳಿಯೇ ಇಲ್ಲ, ಮರುನಿಮಿಷ ಬಿರುಸಿನ ಹೊಡೆತ. ಎರಡೂ ಕಾರಣಕ್ಕೆ ಪಂದ್ಯದ ಅಂಗಳವನ್ನು ಕಟ್ಟೆ ಮತ್ತು ಕೋಡಿಯಿಂದ ಕನಿಷ್ಠ ಒಂದು ಕಿಲೋಮೀಟರ್ ದೂರದಲ್ಲಿ ಇಡಿ. ಕೋಡಿ ಹರಿಯುತ್ತಿದ್ದರೆ ಕಾರ್ಯಕ್ರಮ ಮುಂದೂಡಿ. 1933ರ ನಂತರ 2022ರಲ್ಲಿ, ಮತ್ತೆ 2025ರಲ್ಲಿ ಕೋಡಿ ಬಿದ್ದ ಜಲಾಶಯ ಇದು. ನೀರಿನ ಮಟ್ಟ ಏರಿಳಿದ ಹಾಗೆ ದಡವೂ ಜಾಗ ಬದಲಿಸುತ್ತದೆ, ಹೋದ ವರ್ಷ ಒಣಗಿದ್ದ ಜಾಲಿ ಈ ವರ್ಷ ನೀರಿನೊಳಗೆ ನಿಂತಿರಬಹುದು. ಹಗ್ಗಕ್ಕೆ ಕಲ್ಲು ಕಟ್ಟಿ 50 ಮೀಟರಿಗೊಮ್ಮೆ ಆಳ ನೋಡಿ, 3 ಮೀಟರಿಗಿಂತ ಕಡಿಮೆ ಇರುವ ಕಡೆಯೆಲ್ಲ ತೇಲು ಡಬ್ಬಿ ಬಿಡಿ.

ತಿಂಗಳಿನ ವಿಷಯ. ಜೂನ್‌ನಿಂದ ಆಗಸ್ಟ್‌ವರೆಗೆ ಚಿತ್ರದುರ್ಗದ ಗಾಳಿ ಅನುಭವಿಗಳಿಗೆ ಹಬ್ಬ, ಹೊಸಬರಿಗೆ ಅಲ್ಲ. ಏಪ್ರಿಲ್, ಮೇ ತಿಂಗಳು ಖಂಡಿತ ಬೇಡ. ಮಧ್ಯಾಹ್ನ ಕಳೆದ ಮೇಲೆ ಎದ್ದ ಗುಡುಗು ಮೋಡ ಹತ್ತೇ ನಿಮಿಷದಲ್ಲಿ ಬಿರುಗಾಳಿಯಾಗುತ್ತದೆ. ಕಲಿಕೆಗೆ ನವೆಂಬರ್ ಕೊನೆಯಿಂದ ಫೆಬ್ರವರಿ ಸೂಕ್ತ. ಆದರೆ ನನ್ನ ಮಾತೇ ಕೊನೆಯಲ್ಲ. ಕೈಯಲ್ಲಿ ಹಿಡಿಯುವ ಗಾಳಿಮಾಪಕ ಕೊಂಡು, ನೀರಿನಂಚಿನಲ್ಲಿ ನಿಂತು, ಬೆಳಿಗ್ಗೆ 8, 11, ಮಧ್ಯಾಹ್ನ 2, ಸಂಜೆ 5ಕ್ಕೆ ಹದಿನೈದು ದಿನ ಬರೆದಿಡಿ. ಹೊಸಬರಿಗೆ 6ರಿಂದ 14 ನಾಟ್, ಅಂದರೆ ಗಂಟೆಗೆ 11ರಿಂದ 26 ಕಿ.ಮೀ. ಹಿತ. 15 ನಾಟ್ ದಾಟಿದರೆ ದಡಕ್ಕೆ ಕರೆಸಿ.

ಎರಡೂ ಕುಡಿಯುವ ನೀರಿನ ಮೂಲಗಳು. ಆದ್ದರಿಂದ ಫೋರ್ ಸ್ಟ್ರೋಕ್ ಎಂಜಿನ್ ಮಾತ್ರ ಬಳಸಿ. ಪೆಟ್ರೋಲ್ ತುಂಬಿಸುವುದು ನೀರಿನಿಂದ ದೂರ, ತಟ್ಟೆ ಇಟ್ಟುಕೊಂಡು. ಜಲಸಂಪನ್ಮೂಲ ಇಲಾಖೆ, ಜಿಲ್ಲಾಡಳಿತ, ಪೊಲೀಸ್, ಅಗ್ನಿಶಾಮಕ ಠಾಣೆ, ಇಷ್ಟೂ ಕಡೆ ಲಿಖಿತ ಅನುಮತಿ ಬೇಕು. ಅರ್ಜಿಯನ್ನು ಮೂರು ತಿಂಗಳು ಮೊದಲೇ ಹಾಕಿ. ಮೀನುಗಾರರನ್ನು ಮರೆಯಬೇಡಿ. ರಾತ್ರಿ ಬಿಟ್ಟ ಬಲೆ ಚುಕ್ಕಾಣಿಗೆ ಸಿಕ್ಕಿದರೆ ಬಲೆಯೂ ಹಾಳು, ಪಂದ್ಯವೂ ಹಾಳು. ಒಂದು ವಾರ ಮೊದಲು ಅವರೊಂದಿಗೆ ಕೂತು ಜಾಗ ತೋರಿಸಿ, ಇಬ್ಬರನ್ನು ಕೂಲಿ ಕೊಟ್ಟು ಜೊತೆಗಿಟ್ಟುಕೊಳ್ಳಿ. ಮುಳುಗಿದ ಬಂಡೆ ಎಲ್ಲಿದೆಯೆಂದು ಅವರಷ್ಟು ಬಲ್ಲವರು ಇಲ್ಲ.

ಪ್ರಶ್ನೆ: ದೋಣಿ ಜೋಡಿಸುವಾಗ ಏನೇನು ನೋಡಿಕೊಳ್ಳಬೇಕು?

ಮೊದಲು ತಲೆ ಎತ್ತಿ ಮೇಲೆ ನೋಡಿ. ಹಿನ್ನೀರಿನ ಅಂಚಿನ ತೋಟಗಳಿಗೆ ಪಂಪ್‌ಸೆಟ್ ಲೈನು ಎಳೆದಿರುತ್ತಾರೆ. ಅಲ್ಯೂಮಿನಿಯಂ ಕಂಬ ಎತ್ತಿದ ದೋಣಿಯನ್ನು ಅದರ ಕೆಳಗೆ ತಳ್ಳಿಕೊಂಡು ಹೋದರೆ ಹಿಡಿದವರೆಲ್ಲರ ಜೀವ ಹೋಗುತ್ತದೆ. ಕಂಬ ಎತ್ತುವ ಜಾಗದಿಂದ ನೀರಿನವರೆಗೆ, ಅಕ್ಕಪಕ್ಕ 30 ಮೀಟರ್ ಒಳಗೆ ತಂತಿ ಇರಕೂಡದು. ಬೇರೆ ಜಾಗವೇ ಸಿಗದಿದ್ದರೆ ಬೆಸ್ಕಾಂಗೆ ಬರೆದು ಆ ವಾರ ಲೈನು ನಿಲ್ಲಿಸಿಕೊಳ್ಳಿ. ಬಾಯಿಮಾತಿನ ಭರವಸೆ ಸಾಲದು.

ಒಂದು ಹೋಬಿ 16ರ ತೂಕ 145 ಕಿಲೋ, ಅಗಲ 2.41 ಮೀಟರ್. ಲಾರಿಯಲ್ಲಿ ಬರುವಾಗ ಒಡಲು, ಅಡ್ಡಕಂಬ ಎಲ್ಲ ಬಿಚ್ಚಿಯೇ ಬರುತ್ತವೆ, ಹಾಗಾಗಿ ಮರುಜೋಡಣೆಗೆ ಒಂದು ಪೂರ್ತಿ ದಿನ ಮೀಸಲಿಡಿ. ಎರಡು ಒಡಲಿನ ನಡುವೆ ಬಿಗಿದ ಬಟ್ಟೆಯ (ಟ್ರಾಂಪೊಲಿನ್) ಹಗ್ಗ ಸಡಿಲವಾಗಿದ್ದರೆ ಎರಡು ಒಡಲೂ ಬೇರೆಬೇರೆಯಾಗಿ ಕುಣಿದು ಕೀಲುಗಳು ಸವೆಯುತ್ತವೆ. ಬಿಗಿದ ಮೇಲೆ ಅರ್ಧ ಗಂಟೆ ಬಿಟ್ಟು ಮತ್ತೆ ಬಿಗಿಯಿರಿ. ಕಂಬ ಹಿಡಿದಿರುವ ಉಕ್ಕಿನ ತಂತಿಯನ್ನು ಬಟ್ಟೆಯಿಂದ ಸವರಿ. ಎಲ್ಲಾದರೂ ಎಳೆ ಸಿಕ್ಕಿದರೆ ಅದು ಮುರಿದ ತಂತಿ, ಬದಲಾಯಿಸಿಯೇ ನೀರಿಗಿಳಿಸಿ. ಪಿನ್ನುಗಳ ಉಂಗುರಕ್ಕೆ ಟೇಪು ಸುತ್ತಿ. ಹಾಯಿಯ ಹಗ್ಗ ಉಜ್ಜಿ ಉಜ್ಜಿ ಒಂದು ಉಂಗುರ ಕಳಚಿದರೆ ಸಾಕು, ಕಂಬ ಉರುಳಲು.

ಒಡಲಿನ ಹಿಂದಿರುವ ಬಿರಡೆಯನ್ನು ಪ್ರತಿ ಸಂಜೆ ತೆಗೆದು ನೀರು ಸುರಿಸಿ ಅಳೆಯಿರಿ. ಒಂದು ಲೋಟ ಬಂದರೆ ಚಿಂತೆ ಇಲ್ಲ. ಒಂದು ಲೀಟರ್ ದಾಟಿದರೆ ಎಲ್ಲೋ ಸೀಳಿದೆ. ಸಾಬೂನು ನೀರು ಬಳಿದು, ಬಿರಡೆಯ ತೂತಿನಿಂದ ಬಾಯಿಂದ ಊದಿ, ಗುಳ್ಳೆ ಏಳುವ ಕಡೆ ಗುರುತು ಮಾಡಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಚ್ಚಿದರೆ ಕೂಡುಗೆರೆಯೇ ಬಿಚ್ಚಿಕೊಳ್ಳುತ್ತದೆ. ಬಿಡಿಭಾಗದ ಡಬ್ಬಿಯಲ್ಲಿ 20 ಉಂಗುರ, 10 ಪಿನ್ನು, 6 ಶ್ಯಾಕಲ್ (ಯು ಆಕಾರದ ಕೊಂಡಿ), 4 ಬಿರಡೆ, ಒಂದು ಹೆಚ್ಚುವರಿ ಚುಕ್ಕಾಣಿ, ಒಂದು ಜೊತೆ ಟ್ರಾಪೀಜ್ ತಂತಿ (ದೋಣಿಯಿಂದ ಹೊರಕ್ಕೆ ಒರಗಲು ಸೊಂಟದ ಕೊಕ್ಕೆಗೆ ಸಿಕ್ಕಿಸುವಂಥದ್ದು) ಇರಲಿ. ಹಿರಿಯೂರಿನಲ್ಲಿ ಇವು ಸಿಗುವುದಿಲ್ಲ.

ಪ್ರಶ್ನೆ: ಐದು ದಿನದ ತರಬೇತಿಯಲ್ಲಿ ಯಾವುದಕ್ಕೆ ಹೆಚ್ಚು ಸಮಯ ಕೊಡಬೇಕು? ಮಗುಚುವುದನ್ನು ಕಲಿಸಲೇಬೇಕೇ?

ಕಲಿಸಲೇಬೇಕು, ಅದೂ ಎರಡನೇ ದಿನವೇ. ಮೊದಲ ದಿನ ಲೈಫ್ ಜಾಕೆಟ್ ತೊಟ್ಟು 50 ಮೀಟರ್ ಈಜು, ಎರಡು ಗಂಟು, ಜೋಡಣೆ, ನೆಲದ ಮೇಲೆ ಹಾಯಿ ಏರಿಸಿ ಇಳಿಸುವುದು. ಎರಡನೇ ದಿನ ಪ್ರತಿ ಜೋಡಿಯೂ ಒಮ್ಮೆಯಾದರೂ ದೋಣಿ ಮಗುಚಿ ತಾವೇ ಎತ್ತಬೇಕು. ಎತ್ತಲಾಗದ ಜೋಡಿಯನ್ನು ಪಂದ್ಯಕ್ಕೆ ಬಿಡಬೇಡಿ, ಜೋಡಿ ಬದಲಿಸಿ.

ಎತ್ತುವ ಕ್ರಮ ಹೀಗೆ. ಇಬ್ಬರೂ ತಲೆ ನೀರಿನ ಮೇಲಿದೆ, ಹಗ್ಗಕ್ಕೆ ಸಿಕ್ಕಿಲ್ಲ ಎಂದು ಒಬ್ಬರಿಗೊಬ್ಬರು ಕೂಗಿ ಹೇಳಿಕೊಳ್ಳಬೇಕು. ಮೇನ್‌ಶೀಟ್ (ದೊಡ್ಡ ಹಾಯಿ ಎಳೆಯುವ ಹಗ್ಗ), ಜಿಬ್ ಶೀಟ್ (ಮುಂದಿನ ಸಣ್ಣ ಹಾಯಿಯಾದ ಜಿಬ್ ಎಳೆಯುವ ಹಗ್ಗ) ಎರಡನ್ನೂ ಹಿಡಿತದಿಂದ ಪೂರ್ತಿ ಬಿಡಿಸಬೇಕು. ಇದನ್ನು ಮರೆತರೆ ದೋಣಿ ಎದ್ದ ಕೂಡಲೇ ಹಾಯಿ ಗಾಳಿ ತುಂಬಿಕೊಂಡು, ಆಳನ್ನು ಬಿಟ್ಟು ಓಡುತ್ತದೆ. ಆಮೇಲೆ ಮೂತಿಯನ್ನು ಗಾಳಿಯ ಕಡೆ ತಿರುಗಿಸಬೇಕು. ಒಬ್ಬರು ಮೂತಿಯ ಹತ್ತಿರ ನೀರಲ್ಲಿ ತೂಗಿದರೆ ಅದು ತಾನಾಗಿ ತಿರುಗುತ್ತದೆ. ಈಗ ಕೆಳಗಿನ ಒಡಲ ಮೇಲೆ ನಿಂತು, ಮೇಲಿನ ಒಡಲ ಮೇಲಿಂದ ಬಂದ ಗಂಟು ಹಾಕಿದ ಹಗ್ಗ ಹಿಡಿದು, ಮೊಣಕಾಲು ನೆಟ್ಟಗಿಟ್ಟು ಹಿಂದಕ್ಕೆ ಒರಗಬೇಕು. ಕೈಯಿಂದ ಎಳೆಯುವುದಲ್ಲ, ಮೈಭಾರ ಹಾಕುವುದು. ಹಾಯಿಯ ಅಡಿಗೆ ಗಾಳಿ ಹೊಕ್ಕರೆ ಸಲೀಸಾಗಿ ಏಳುತ್ತದೆ. ಮೇಲಿನ ಒಡಲು ಕೆಳಗೆ ಬರುವಾಗ ಇಬ್ಬರೂ ಮುಂದಿನ ಅಡ್ಡಕಂಬವನ್ನು ತಬ್ಬಿ ಹಿಡಿಯಬೇಕು, ಇಲ್ಲದಿದ್ದರೆ ಆ ಕಡೆಗೆ ಮತ್ತೆ ಮಗುಚುತ್ತದೆ. ಗಾಳಿ ಕಡಿಮೆಯಿದ್ದಾಗ ಇದಕ್ಕೆ ಇಬ್ಬರದೂ ಸೇರಿ ಸುಮಾರು 135 ಕಿಲೋ ಬೇಕಾಗುತ್ತದೆ. ಹೋಬಿ 16 ವರ್ಗದ ಪಂದ್ಯ ನಿಯಮವೂ ಜೋಡಿಯ ಕನಿಷ್ಠ ತೂಕವನ್ನು 129.3 ಕಿಲೋ ಎಂದು ಇಟ್ಟಿದೆ. ಸಣ್ಣ ಮೈಯವರಿಗೆ ದೊಡ್ಡ ಮೈಯವರನ್ನು ಜೊತೆ ಮಾಡಿ.

ಕಂಬದ ತುದಿಗೆ ತೇಲುಗುಂಡು ಕಟ್ಟಿದರೆ ದೋಣಿ ಅರ್ಧಕ್ಕೇ ನಿಲ್ಲುತ್ತದೆ, ತಲೆಕೆಳಗಾಗುವುದಿಲ್ಲ. ತರಬೇತಿಯ ಐದೂ ದಿನ ಅದು ಇರಲಿ. ರಕ್ಷಣಾ ದೋಣಿಯವರ ಬಳಿ ಮೊಂಡು ತುದಿಯ ಹರಿತ ಚಾಕು ಕಡ್ಡಾಯ. ಟ್ರಾಪೀಜ್ ಕೊಕ್ಕೆಗೆ ಸಿಕ್ಕಿಕೊಂಡವರು ಟ್ರಾಂಪೊಲಿನ್ ಅಡಿ ಉಳಿದರೆ ಹಗ್ಗ ಕೊಯ್ಯುವುದೊಂದೇ ದಾರಿ. ನೀರಲ್ಲಿರುವವರ ಹತ್ತಿರ ಹೋಗುವಾಗ ಎಂಜಿನ್ ಆರಿಸಲೇಬೇಕು.

ಮೂರನೇ ದಿನ ತಿರುವುಗಳು. ಹೋಬಿ 16ಕ್ಕೆ ಅಡಿಯಲ್ಲಿ ನೀರಿಗಿಳಿಯುವ ನಡುಹಲಗೆ ಇಲ್ಲ, ಗಾಳಿಗೆದುರು ತಿರುಗುವಾಗ ಅರ್ಧದಲ್ಲೇ ನಿಂತುಬಿಡುತ್ತದೆ. ಹೊಸಬರು ಚುಕ್ಕಾಣಿಯನ್ನು ಜೋರಾಗಿ ತಳ್ಳುತ್ತಾರೆ, ಅದು ಬ್ರೇಕು ಹಾಕಿದಂತೆ. ಮೊದಲು ವೇಗ ತುಂಬಿಸಿ, ಚುಕ್ಕಾಣಿಯನ್ನು ನಿಧಾನವಾಗಿ ತಳ್ಳಿ, ಜಿಬ್ಬನ್ನು ಹಳೆಯ ಬದಿಯಲ್ಲೇ ಹಿಡಿದಿಟ್ಟುಕೊಳ್ಳಿ. ಅದು ಮೂತಿಯನ್ನು ಹೊಸ ದಿಕ್ಕಿಗೆ ತಳ್ಳುತ್ತದೆ. ಗಾಳಿಯ ಗೆರೆ ದಾಟಿದ ಕೂಡಲೇ ಮೇನ್‌ಶೀಟನ್ನು ಒಂದೆರಡು ಅಡಿ ಸಡಿಲಿಸಿ, ಆಮೇಲೆ ಜಿಬ್ ಬದಲಿಸಿ. ಆದರೂ ನಿಂತುಹೋದರೆ ದೋಣಿ ಹಿಂದಕ್ಕೆ ಸರಿಯಲು ಬಿಟ್ಟು ಚುಕ್ಕಾಣಿಯನ್ನು ತಿರುವುಮುರುವು ಮಾಡಿ. ಒಬ್ಬೊಬ್ಬರೂ ಇಪ್ಪತ್ತು ಸಲ ಮಾಡದೆ ಇದು ಕೈಗೆ ಹತ್ತುವುದಿಲ್ಲ, ಆದ್ದರಿಂದ ಇಡೀ ದಿನ ಇದಕ್ಕೇ ಕೊಡಿ.

ನಾಲ್ಕನೇ ದಿನ ಸ್ಟಾರ್ಟ್ ಅಭ್ಯಾಸ. ಐದನೇ ದಿನ ಬೆಳಿಗ್ಗೆ ಎರಡು ಅಣಕು ಪಂದ್ಯ, ಮಧ್ಯಾಹ್ನ ರಜೆ. ಬಿಸಿಲಿನಲ್ಲಿ ದಣಿದ ಕೈಗಳಿಂದಲೇ ಅಪಘಾತ. ತಲಾ ನಾಲ್ಕು ಲೀಟರ್ ಕುಡಿಯುವ ನೀರು, ಕೈಗವಸು, ತುಂಬುತೋಳಿನ ಅಂಗಿ ಎಲ್ಲರಿಗೂ ಇರಬೇಕು.

ಪ್ರಶ್ನೆ: ಪಂದ್ಯದ ದಾರಿ, ಸ್ಟಾರ್ಟ್ ಗೆರೆ ಹಾಕುವುದು ಹೇಗೆ? 24 ಜನಕ್ಕೆ ಆರೇ ದೋಣಿ ಸಾಕೇ?

ಗಾಳಿಗೆದುರು ಒಂದು ತೇಲುವ ಗುರುತು, ಗಾಳಿಯ ಕೆಳಗೆ ಒಂದು ಗುರುತು, ನಡುವೆ 700 ಮೀಟರ್, ಎರಡು ಸುತ್ತು. 8-10 ನಾಟ್ ಗಾಳಿಯಲ್ಲಿ ಇದು ಸುಮಾರು 25 ನಿಮಿಷ ಹಿಡಿಯುತ್ತದೆ. ಗಾಳಿಗೆದುರಿನ ಗುರುತಿನಿಂದ 50 ಮೀಟರ್ ಪಕ್ಕದಲ್ಲಿ ಇನ್ನೊಂದು ಸಣ್ಣ ಗುರುತು ಇಟ್ಟರೆ, ಇಳಿಯುವ ದೋಣಿ ಏರುವ ದೋಣಿಗೆ ಢಿಕ್ಕಿ ಹೊಡೆಯುವುದು ತಪ್ಪುತ್ತದೆ. ಸ್ಟಾರ್ಟ್ ಗೆರೆ ಆರು ದೋಣಿಯ ಒಟ್ಟು ಉದ್ದದ ಎರಡರಷ್ಟು, ಅಂದರೆ 60 ಮೀಟರ್ ಇರಲಿ. ಅನುಭವಿಗಳಿಗೆ 45 ಸಾಕು.

ಗುರುತಿಗೆ 25 ಕಿಲೋ ಮರಳು ಮೂಟೆ, 12 ಮಿ.ಮೀ. ಹಗ್ಗ, ಆಳದ ಒಂದೂವರೆ ಪಟ್ಟು. ಹೆಚ್ಚಾದ ಹಗ್ಗ ಮೇಲೆ ತೇಲಿ ಚುಕ್ಕಾಣಿಗೆ ಸುತ್ತಿಕೊಳ್ಳುತ್ತದೆ. ನೀರಿನ ಮಟ್ಟದಿಂದ ಮೂರು ಮೀಟರ್ ಕೆಳಗೆ ಅರ್ಧ ಕಿಲೋ ಕಬ್ಬಿಣ ಕಟ್ಟಿದರೆ ಹಗ್ಗ ನೇರ ಕೆಳಗಿಳಿದು ನಿಲ್ಲುತ್ತದೆ. ಅಧಿಕಾರಿಯ ದೋಣಿಗೆ ಸರಿಯಾದ ಲಂಗರು, ಹಗ್ಗ ಆಳದ ಐದು ಪಟ್ಟು.

ಸ್ಟಾರ್ಟ್‌ಗೆ 5 ನಿಮಿಷ ಇರುವಾಗ ವರ್ಗದ ಬಾವುಟ (ಹೋಬಿ 16ರ ಗುರುತಿನದು) ಏರುತ್ತದೆ, 4 ನಿಮಿಷಕ್ಕೆ ಪಿ ಬಾವುಟ (ತಯಾರಾಗಿ ಎಂಬ ಸಂಕೇತ), 1 ನಿಮಿಷಕ್ಕೆ ಪಿ ಇಳಿಯುತ್ತದೆ, ಆಗ ಉದ್ದನೆಯ ಸದ್ದು. ಸೊನ್ನೆಗೆ ವರ್ಗದ ಬಾವುಟ ಇಳಿದರೆ ಓಟ ಶುರು. ಲೆಕ್ಕಕ್ಕೆ ಬರುವುದು ಬಾವುಟ, ಸೀಟಿಯಲ್ಲ. ಸೀಟಿ ಕೇಳಿಸಲಿಲ್ಲ ಎಂಬ ದೂರು ನಿಲ್ಲುವುದಿಲ್ಲ. ಒಬ್ಬರು ಮುಂಚೆ ದಾಟಿದರೆ ಅವರನ್ನು ಹಿಂದಕ್ಕೆ ಕರೆಯುವ ಎಕ್ಸ್ ಬಾವುಟ, ಯಾರೆಂದು ಗೊತ್ತಾಗದಷ್ಟು ಜನ ದಾಟಿದರೆ ಎಲ್ಲರನ್ನೂ ಹಿಂದಕ್ಕೆ ಕರೆಯಿರಿ.

ಇಬ್ಬಿಬ್ಬರ 12 ಜೋಡಿ ಮಾಡಿ, ಆರಾರರ ಎರಡು ಗುಂಪು. ಬಾಡಿಗೆ ದೋಣಿಗಳು ಒಂದೇ ಥರ ಓಡುವುದಿಲ್ಲ. ಆದ್ದರಿಂದ ಪ್ರತಿ ಓಟ ಮುಗಿದ ಮೇಲೆ ಜೋಡಿ ಮುಂದಿನ ಸಂಖ್ಯೆಯ ದೋಣಿಗೆ ಹೋಗಬೇಕು, ಆರು ಓಟದಲ್ಲಿ ಎಲ್ಲರಿಗೂ ಆರೂ ದೋಣಿ ಸಿಗುತ್ತವೆ. ಗುಂಪಿಗೆ ಆರರಂತೆ 12 ಓಟ, ಆಮೇಲೆ ಪ್ರತಿ ಗುಂಪಿನ ಮೊದಲ ಮೂರು ಜೋಡಿಗಳಿಗೆ ಎರಡು ಫೈನಲ್. ದಿನಕ್ಕೆ ಏಳು ಸ್ಟಾರ್ಟ್, ಒಂದೊಂದಕ್ಕೆ 45 ನಿಮಿಷ. ಗಾಳಿ ಕೈಕೊಟ್ಟರೆ ಫೈನಲ್ ಒಂದೇ ಇಡಿ, ಗುಂಪಿನ ಓಟ ಕತ್ತರಿಸಬೇಡಿ.

ಪ್ರಶ್ನೆ: ಅಂಕ ಮತ್ತು ತಕರಾರು?

ಮೊದಲನೆಯವರಿಗೆ 1, ಎರಡನೆಯವರಿಗೆ 2, ಕಡಿಮೆ ಅಂಕದವರೇ ಮೇಲು. ಓಟ ಮುಗಿಸದವರಿಗೆ 7. ಆರು ಓಟದಲ್ಲಿ ಕೆಟ್ಟದ್ದೊಂದನ್ನು ಕಳೆಯಿರಿ. ಗುರುತಿಗೆ ತಾಗಿದರೆ ದೋಣಿ ಇದ್ದಲ್ಲೇ ಒಂದು ಸುತ್ತು ತಿರುಗುವುದು ದಂಡ, ಇನ್ನೊಂದು ದೋಣಿಗೆ ಅಡ್ಡ ಬಂದರೆ ಎರಡು. ಕ್ಯಾಟಮರಾನ್‌ಗೆ ಎರಡು ಸುತ್ತು ಬಹಳ ದುಬಾರಿ, ಒಂದೇ ಸಾಕು ಎಂದು ಪಂದ್ಯದ ಸೂಚನೆಯಲ್ಲಿ ಬರೆದುಕೊಳ್ಳಬಹುದು. ತಕರಾರು ಮಾಡುವವರು ಅಲ್ಲೇ, ಆಗಲೇ ‘ಪ್ರೊಟೆಸ್ಟ್’ ಎಂದು ಕೂಗಬೇಕು. ತಕರಾರಿನ ಕೆಂಪು ಬಾವುಟ ಆರು ಮೀಟರಿಗಿಂತ ಚಿಕ್ಕ ದೋಣಿಗೆ ಬೇಕಿಲ್ಲ, ಹೋಬಿ 16 ಐದು ಮೀಟರ್ ಚಿಲ್ಲರೆ ಇದೆ. ವಿಚಾರಣೆಗೆ ನಿಯಮ ಓದಿದ ಒಬ್ಬರನ್ನು ಯಾಚಿಂಗ್ ಅಸೋಸಿಯೇಷನ್ ಆಫ್ ಇಂಡಿಯಾಕ್ಕೆ ಬರೆದು ಕೇಳಿ, ಅವರ ಊಟ ವಸತಿ ಖರ್ಚನ್ನು ಮೊದಲೇ ಬಜೆಟ್‌ಗೆ ಸೇರಿಸಿ. ಹಣ ಸಾಲದಿದ್ದರೆ ಬಹುಮಾನದ ಕಪ್, ಶಾಲು, ಹಾರದಲ್ಲಿ ಉಳಿಸಿ. ರಕ್ಷಣಾ ದೋಣಿಯ ಪೆಟ್ರೋಲಿಗೆ ದಿನಕ್ಕೆ, ದೋಣಿಗೆ 25 ಲೀಟರಿನ ಲೆಕ್ಕದಲ್ಲಿ ಹಣ ಬೇರೆ ತೆಗೆದಿಡಿ.