ನೌಕರಿಗೆ ಮೊದಲು ಪಾಲಿಗ್ರಾಫ್: ಫೇಲಾದವನು ಕಳ್ಳನೇ?

ಈ ಸಲ ಆರಿಸಿಕೊಂಡ ಮೂರು ಪತ್ರಗಳ ವಿಷಯ ಒಂದೇ: ಪಾಲಿಗ್ರಾಫ್, ಅಂದರೆ ಸುಳ್ಳು ಪತ್ತೆ ಮಾಡಲು ಬಳಸುವ ಯಂತ್ರ. ಉತ್ತರಿಸಿದವರು ಧಾರವಾಡದಲ್ಲಿ ಬಹಳ ವರ್ಷ ಅಪರಾಧ ಮನೋವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರು.

ಪ್ರಶ್ನೆ: ನಾನು ಹುಬ್ಬಳ್ಳಿ ಕೇಶ್ವಾಪುರದವನು. ಬಿ.ಕಾಂ. ಆಗಿದೆ. ಎಟಿಎಂಗಳಿಗೆ ಹಣ ತುಂಬುವ ಏಜೆನ್ಸಿಯೊಂದರಲ್ಲಿ ಇಂಟರ್‌ವ್ಯೂ ಮುಗಿಯಿತು. ಎಲ್ಲ ಓಕೆ ಅಂದ ಮೇಲೆ ‘ಪಾಲಿಗ್ರಾಫ್ ಟೆಸ್ಟ್ ಇರ್ತದ, ಒಪ್ಪಿಗೆ ಪತ್ರಕ್ಕ ಸಹಿ ಹಾಕ್ರಿ’ ಎಂದರು. ನಾನು ಯಾರ ಹತ್ತು ರೂಪಾಯಿಯನ್ನೂ ಮುಟ್ಟಿದವನಲ್ಲ. ಆದರೆ ಪರೀಕ್ಷೆ ಅಂದರೆ ಸಾಕು, ಕೈ ಬೆವರುತ್ತದೆ. ಸುಪ್ರೀಂ ಕೋರ್ಟ್ ಇದನ್ನು ಬ್ಯಾನ್ ಮಾಡಿದೆ ಅಂತ ಗೆಳೆಯ ವಾಟ್ಸಾಪ್ ಮಾಡಿದ್ದಾನೆ. ನಿಜವೇ? ಟೆಸ್ಟಿಗೆ ಹೋಗಲೋ ಬೇಡವೋ?

ಉತ್ತರ: ತಮ್ಮಾ, ಕೈ ಬೆವರುವುದರಿಂದಲೇ ಶುರು ಮಾಡೋಣ. ಆ ಮಷಿನ್ ನೋಡುವುದೇ ಅದನ್ನು.

ನಿನ್ನನ್ನು ಕುರ್ಚಿಯಲ್ಲಿ ಕೂರಿಸುತ್ತಾರೆ. ಎದೆಗೊಂದು, ಹೊಟ್ಟೆಗೊಂದು ರಬ್ಬರ್ ಕೊಳವೆ ಸುತ್ತುತ್ತಾರೆ. ಅದು ಉಸಿರಾಟಕ್ಕೆ. ತೋಳಿಗೆ ಬಿಪಿ ನೋಡುವ ಪಟ್ಟಿ. ಎರಡು ಬೆರಳ ತುದಿಗೆ ಸಣ್ಣ ಲೋಹದ ತಗಡು. ಬೆರಳು ಬೆವರಿದಷ್ಟೂ ಚರ್ಮದಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ, ಪರದೆಯ ಮೇಲೆ ಗೆರೆ ಏರುತ್ತದೆ. ಉಸಿರು, ನಾಡಿ, ರಕ್ತದೊತ್ತಡ, ಬೆವರು. ಇಷ್ಟೇ ಅದಕ್ಕೆ ಕಾಣುವುದು. ಸುಳ್ಳು ಹೇಳುವಾಗ ಮಾತ್ರ ಆಗಿ, ಬೇರೆ ಯಾವಾಗಲೂ ಆಗದಂಥ ಬದಲಾವಣೆ ಮನುಷ್ಯನ ದೇಹದಲ್ಲಿ ಯಾವುದೂ ಇಲ್ಲ. ನೆಲ ಒದ್ದೆಯಾಗಿದ್ದರೆ ಮಳೆ ಬಂದಿರಬಹುದು, ಕೊಡ ಚೆಲ್ಲಿರಲೂಬಹುದು. ಅಂಥ ಕಥೆ ಇದು. ಸುಳ್ಳಿಗೂ ಬೆವರು ಬರುತ್ತದೆ. ಭಯಕ್ಕೆ, ನಾಚಿಕೆಗೆ, ಸಿಟ್ಟಿಗೆ, ‘ಈ ನೌಕರಿ ಹೋದರೆ ಮನೆಯಲ್ಲಿ ಏನು ಹೇಳಲಿ’ ಎಂಬ ಚಿಂತೆಗೂ ಬರುತ್ತದೆ.

ಹಾಗಾದರೆ ಪರೀಕ್ಷಕ ಹೇಗೆ ತೀರ್ಮಾನ ಮಾಡುತ್ತಾನೆ? ಪ್ರಶ್ನೆಗಳನ್ನು ಬೆರೆಸುತ್ತಾನೆ. ಒಂದು ಬಗೆ, ‘ನಿಮ್ಮ ಹೆಸರು ಇದೇ ತಾನೇ?’ ಅನ್ನುವಂಥದ್ದು. ಎರಡನೆಯದು, ‘ಯಾವತ್ತಾದರೂ ನಿಮ್ಮದಲ್ಲದ ವಸ್ತು ತೆಗೆದುಕೊಂಡಿದ್ದೀರಾ?’ ಚಿಕ್ಕಂದಿನಲ್ಲಿ ಅಂಗಡಿಯ ಡಬ್ಬಿಯಿಂದ ಪೆಪ್ಪರಮಿಂಟು ಎತ್ತದವರು ಯಾರಿದ್ದಾರೆ? ಆದರೂ ‘ಇಲ್ಲ’ ಅನ್ನುತ್ತೇವೆ, ಒಳಗೆ ಸ್ವಲ್ಪ ಕಸಿವಿಸಿ ಆಗುತ್ತದೆ. ಆ ಕಸಿವಿಸಿಯೇ ಅಳತೆಗೋಲು. ಮೂರನೆಯದು ನಿಜವಾದ ಪ್ರಶ್ನೆ: ‘ಹಿಂದಿನ ಕೆಲಸದಲ್ಲಿ ಹಣ ಕದ್ದಿದ್ದೀರಾ?’ ಎರಡನೆಯದಕ್ಕಿಂತ ಮೂರನೆಯದಕ್ಕೆ ಗೆರೆ ಜಾಸ್ತಿ ಎದ್ದರೆ ನೀನು ಸುಳ್ಳುಗಾರ. ಕಡಿಮೆ ಎದ್ದರೆ ಪಾಸು.

ತಕರಾರು ಇಲ್ಲೇ ಇದೆ. ಪ್ರಾಮಾಣಿಕ ಮನುಷ್ಯನಿಗೆ ಯಾವ ಪ್ರಶ್ನೆ ಎದೆ ನಡುಗಿಸುತ್ತದೆ? ಪೆಪ್ಪರಮಿಂಟಿನದ್ದಾ, ಹಣ ಕದ್ದದ್ದಾ? ನೌಕರಿ ನಿಂತಿರುವುದು ಹಣದ ಪ್ರಶ್ನೆಯ ಮೇಲೆ ಅಂತ ಎಂಥವನಿಗೂ ಗೊತ್ತು. ಮಾನಕ್ಕೆ ಅಂಜುವವನೇ ಅಲ್ಲಿ ಹೆಚ್ಚು ಬೆವರುತ್ತಾನೆ. ಪಳಗಿದವನು ಎರಡನೇ ಬಗೆಯ ಪ್ರಶ್ನೆ ಬಂದಾಗ ನಾಲಿಗೆ ಕಚ್ಚಿಕೊಂಡು, ಇಲ್ಲವೇ ಮನಸ್ಸಿನಲ್ಲೇ ಲೆಕ್ಕ ಮಾಡುತ್ತ ಕೂತು, ಗೆರೆಯನ್ನು ತಾನೇ ಏರಿಸಿ ಪಾರಾಗಬಹುದು. ಅಮೆರಿಕದ ಗೂಢಚಾರ ಸಂಸ್ಥೆ ಸಿಐಎಯಲ್ಲಿ ಆಲ್ಡ್ರಿಚ್ ಏಮ್ಸ್ ಅಂತ ಒಬ್ಬ ಅಧಿಕಾರಿ ಇದ್ದ. 1985ರಿಂದ ರಷ್ಯನ್ನರಿಗೆ ಗುಟ್ಟು ಮಾರುತ್ತಿದ್ದ. 1986ರಲ್ಲಿ ಪಾಲಿಗ್ರಾಫ್ ಪಾಸು, 1991ರಲ್ಲಿ ಮತ್ತೆ ಪಾಸು. ಸಿಕ್ಕಿಬಿದ್ದದ್ದು 1994ರಲ್ಲಿ, ಅದೂ ಮಷಿನ್‌ನಿಂದ ಅಲ್ಲ.

ಹಾಗಂತ ಇದು ಪೂರ್ತಿ ಬೊಗಳೆ ಅಂತ ನಾನು ಹೇಳುವುದಿಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 2003ರಲ್ಲಿ ಈ ಬಗ್ಗೆ ದೊಡ್ಡ ವರದಿ ಪ್ರಕಟಿಸಿತು. ನಡೆದುಹೋದ ಒಂದು ನಿರ್ದಿಷ್ಟ ಘಟನೆಯ ಬಗ್ಗೆ ಕೇಳಿದರೆ, ಸುಮ್ನೆ ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಪಾಲಿಗ್ರಾಫ್ ಎಷ್ಟೋ ವಾಸಿ, ಆದರೆ ನಿಖರತೆಗೆ ಬಹಳ ದೂರ ಎಂದಿತು. ನೌಕರಿಗೆ ಆಳುಗಳನ್ನು ಜರಡಿ ಹಿಡಿಯುವ ವಿಷಯ ಬೇರೆ. ಅಲ್ಲಿ ಘಟನೆಯೇ ಇಲ್ಲ. ‘ನೀನು ಮುಂದೆ ಕದಿಯುವವನಾ?’ ಅನ್ನುವುದಕ್ಕೆ ಯಾವ ಗೆರೆ ಉತ್ತರ ಕೊಟ್ಟೀತು?

ಆ ವರದಿಯ ಒಂದು ಲೆಕ್ಕವನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದೆ. 10,000 ನೌಕರರಲ್ಲಿ 10 ಜನ ಗೂಢಚಾರರು ಇದ್ದಾರೆ ಎಂದುಕೊಳ್ಳಿ. 8 ಮಂದಿಯನ್ನಾದರೂ ಹಿಡಿಯಲೇಬೇಕು ಅಂತ ಮಷಿನ್ ಬಿಗಿ ಮಾಡಿದರೆ, ಜೊತೆಗೆ ಸುಮಾರು 1,600 ನಿರಪರಾಧಿಗಳೂ ಫೇಲ್ ಆಗುತ್ತಾರೆ. ಇಬ್ಬರು ಗೂಢಚಾರರು ಆಗಲೂ ತಪ್ಪಿಸಿಕೊಳ್ಳುತ್ತಾರೆ. ಅಮಾಯಕರಿಗೆ ತೊಂದರೆ ಬೇಡ ಅಂತ ಸಡಿಲ ಮಾಡಿದರೆ 10ರಲ್ಲಿ 8 ಗೂಢಚಾರರು ನಗುತ್ತ ಹೊರಗೆ ಬರುತ್ತಾರೆ.

ಇದನ್ನೇ ನಿನ್ನ ಏಜೆನ್ಸಿಗೆ ಹಾಕಿ ನೋಡು. ಸುಮ್ನೆ ಊಹೆಗೆ, 200 ಹುಡುಗರು ಅರ್ಜಿ ಹಾಕಿದ್ದಾರೆ, ಅದರಲ್ಲಿ 5 ಜನ ಕೈ ಸರಿ ಇಲ್ಲದವರು. ಮಷಿನ್ ನೂರಕ್ಕೆ 85 ಸಲ ಸರಿ ಅನ್ನೋಣ, ಇದು ಉದಾರವಾಗಿ ಕೊಟ್ಟ ಮಾರ್ಕು. ಕಳ್ಳರಲ್ಲಿ 4 ಮಂದಿ ಸಿಗುತ್ತಾರೆ. ಉಳಿದ 195 ಒಳ್ಳೆಯವರಲ್ಲಿ ನೂರಕ್ಕೆ 15ರಂತೆ 29 ಮಂದಿ ಫೇಲ್. ಒಟ್ಟು 33 ಮಂದಿ ‘ಸುಳ್ಳುಗಾರರು’. ಅವರಲ್ಲಿ 29 ಜನ ಏನೂ ತಪ್ಪು ಮಾಡದವರು. ನೂರಕ್ಕೆ 85 ಸರಿ ಅಂದ ಕೂಡಲೇ ಫೇಲಾದವನು ನೂರಕ್ಕೆ 85 ಪಾಲು ಕಳ್ಳ ಅಂತ ಮ್ಯಾನೇಜರ್ ತಿಳಿಯುತ್ತಾನೆ. ಓದಿದವರೂ ಇಲ್ಲಿ ಎಡವುತ್ತಾರೆ.

ಈಗ ನಿನ್ನ ಗೆಳೆಯನ ವಾಟ್ಸಾಪ್. ಅರ್ಧ ನಿಜ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ, ಇದು ನಮ್ಮ ರಾಜ್ಯದ್ದೇ ಪ್ರಕರಣ. 2010ರ ಮೇ 5ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. ಯಾರಿಗೂ ಬಲವಂತವಾಗಿ ಮಂಪರು ಪರೀಕ್ಷೆ, ಪಾಲಿಗ್ರಾಫ್, ಮಿದುಳಿನ ಪರೀಕ್ಷೆ ಮಾಡುವಂತಿಲ್ಲ, ಅದು ಸಂವಿಧಾನದ 20(3) (ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಒತ್ತಾಯಿಸಬಾರದು) ಮತ್ತು 21ನೇ (ಜೀವ, ಸ್ವಾತಂತ್ರ್ಯದ ಹಕ್ಕು) ವಿಧಿಗೆ ವಿರುದ್ಧ ಎಂದಿತು. ಒಪ್ಪಿಕೊಂಡವರಿಗೂ ಒಪ್ಪಿಗೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಬೇಕು, ವಕೀಲರ ಸಹಾಯ ಸಿಗಬೇಕು ಎಂಬ ಮಾನವ ಹಕ್ಕುಗಳ ಆಯೋಗದ 2000ನೇ ಇಸವಿಯ ಮಾರ್ಗಸೂಚಿ ಪಾಲಿಸಲು ಹೇಳಿತು. ಆದರೆ ಆ ಮಾರ್ಗಸೂಚಿ ಪೊಲೀಸ್ ತನಿಖೆಯ ಮಾತು. ಖಾಸಗಿ ಕಂಪನಿ ನೌಕರಿಗೆ ಮೊದಲು ಪಾಲಿಗ್ರಾಫ್ ಮಾಡಬಾರದು ಅನ್ನುವ ಪ್ರತ್ಯೇಕ ಕಾಯ್ದೆ ನಮ್ಮ ದೇಶದಲ್ಲಿ ಇಲ್ಲ.

ಅಮೆರಿಕದಲ್ಲಿ ಇದೆ. 1988ರಲ್ಲೇ ಕಾಯ್ದೆ ಮಾಡಿ ಖಾಸಗಿ ಕಂಪನಿಗಳಿಗೆ ಬಹುಪಾಲು ನಿಲ್ಲಿಸಿದರು. ಸೆಕ್ಯೂರಿಟಿ ಕಂಪನಿ, ಔಷಧ ಕಂಪನಿಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಸರ್ಕಾರ ತನಗೆ ತಾನೇ ವಿನಾಯಿತಿ ಕೊಟ್ಟುಕೊಂಡಿತು, ಅದು ಬೇರೆ ಮಾತು!

ನಿನ್ನ ವಿಷಯದಲ್ಲಿ ನನಗೆ ಚುಚ್ಚುವುದು ಆ ಒಪ್ಪಿಗೆ ಪತ್ರ. ನೌಕರಿ ಬೇಕಾದ ಹುಡುಗನ ಮುಂದೆ ಕಾಗದ ಇಟ್ಟು ‘ಇಷ್ಟ ಇದ್ದರೆ ಸಹಿ ಹಾಕು’ ಅಂದರೆ ಅವನು ಹಾಕದೆ ಏನು ಮಾಡ್ತಾನೆ? ಸಹಿ ಮಾಡದಿದ್ದರೆ ಅವರು ಬೇರೆಯವರನ್ನು ತೆಗೆದುಕೊಳ್ಳಬಹುದು, ಅದಕ್ಕೆ ಅಡ್ಡಿ ಇಲ್ಲ. ಹಾಗಾಗಿ ‘ಹೋಗಲೇಬೇಡ’ ಅಂತ ನಾನು ಸುಲಭವಾಗಿ ಹೇಳಲಾರೆ. ಸಹಿಗೆ ಮೊದಲು ಒಂದು ಇಮೇಲ್ ಹಾಕು. ಪರೀಕ್ಷಕರು ಯಾರು, ಏನು ಓದಿದ್ದಾರೆ? ಪ್ರಶ್ನೆಗಳ ಪಟ್ಟಿ ಮೊದಲೇ ತೋರಿಸುತ್ತಾರಾ? ವರದಿ ಯಾರ ಕೈಗೆ ಹೋಗುತ್ತದೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ನನಗೂ ಒಂದು ಪ್ರತಿ ಸಿಗುತ್ತದಾ? ಫೇಲಾದರೆ ಬೇರೆ ರೀತಿ ಪರಿಶೀಲನೆಗೆ ಅವಕಾಶ ಇದೆಯಾ? ಜೊತೆಗೆ, ‘ಪೊಲೀಸ್ ವೆರಿಫಿಕೇಶನ್, ಹಿಂದಿನ ಮಾಲೀಕರ ಪತ್ರ, ಇಬ್ಬರ ಜಾಮೀನು ಕೊಡಲು ಸಿದ್ಧನಿದ್ದೇನೆ’ ಅಂತಲೂ ಬರೆ. ಹಣ ಸಾಗಿಸುವ ಕೆಲಸಕ್ಕೆ ಇವೇ ಹೆಚ್ಚು ತೂಕದ ದಾಖಲೆಗಳು.

ಹೋದೆ ಅಂತಾದರೆ ಬಿಪಿ, ಥೈರಾಯ್ಡ್, ಅಸ್ತಮಾ, ನಿದ್ದೆ ಅಥವಾ ಆತಂಕದ ಮಾತ್ರೆ ಇದ್ದರೆ ಮೊದಲೇ ಹೇಳು. ಉಪವಾಸ ಇರಬೇಡ. ಜಾತಿ, ಧರ್ಮ, ಮದುವೆ, ಪಕ್ಷ, ಯೂನಿಯನ್ ಬಗ್ಗೆ ಕೇಳಿದರೆ ‘ಇದು ಕೆಲಸಕ್ಕೆ ಸಂಬಂಧಿಸಿದ್ದಲ್ಲ, ಉತ್ತರಿಸುವುದಿಲ್ಲ’ ಅನ್ನು. ಪರೀಕ್ಷೆ ಮುಗಿದ ಮೇಲೆ ಪರೀಕ್ಷಕ ಕುರ್ಚಿ ಹತ್ತಿರ ಎಳೆದುಕೊಂಡು, ‘ಇಲ್ಲೊಂದು ಕಡೆ ಗೆರೆ ಎದ್ದದ, ಏನರೆ ಹೇಳೂದೈತಾ?’ ಅಂತ ಮೆಲ್ಲಗೆ ಕೇಳಬಹುದು. ಪಾಲಿಗ್ರಾಫ್‌ನ ಅರ್ಧ ಶಕ್ತಿ ಆ ಮಾತಿನಲ್ಲೇ ಇದೆ. ಇಲ್ಲದ್ದನ್ನು ಕಟ್ಟಿ ಹೇಳಬೇಡ.

ಪ್ರಶ್ನೆ: ನಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ಒಂದರ ಮ್ಯಾನೇಜರ್. ಪ್ರತಿ ಸೀಸನ್ನಿನಲ್ಲಿ ತೂಕ ಕಡಿಮೆ ಬರುತ್ತಿದೆ, ರೈತರು ಜಗಳಕ್ಕೆ ಬರುತ್ತಾರೆ. ದನಿ ಕೇಳಿಯೇ ಸುಳ್ಳು ಹಿಡಿಯುವ ಸಾಫ್ಟ್‌ವೇರ್ ಇದೆ, ಪಾಲಿಗ್ರಾಫ್‌ಗಿಂತ ಅಗ್ಗ ಅಂತ ಒಬ್ಬ ಏಜೆಂಟ್ ಬಂದಿದ್ದ. ಹೊಸ ಹಮಾಲರನ್ನು, ಗೇಟಿನವರನ್ನು ಹಾಗೆ ಪರೀಕ್ಷಿಸಿ ತೆಗೆದುಕೊಂಡರೆ ಹೇಗೆ?

ಉತ್ತರ: ಸಾವಕಾರ್ರೇ, ಆ ಏಜೆಂಟನಿಗೆ ಚಹಾ ಕುಡಿಸಿ ಕಳಿಸಿಬಿಡಿ. ಪಾಲಿಗ್ರಾಫ್‌ಗಾದರೂ ಹಿಂದೆ ನೂರು ವರ್ಷದ ಸಂಶೋಧನೆ, ವಾದ-ವಿವಾದ ಇದೆ. ಅಮೆರಿಕದ ಬರ್ಕ್ಲಿ ನಗರದ ಪೊಲೀಸ್ ಇಲಾಖೆಯಲ್ಲಿ ಜಾನ್ ಲಾರ್ಸನ್ ಮೊದಲ ಯಂತ್ರ ಕಟ್ಟಿದ್ದು 1921ರಲ್ಲಿ. ದನಿಯ ನಡುಕ ಅಳೆಯುವ ಸಾಫ್ಟ್‌ವೇರ್‌ಗಳು ಅದಕ್ಕಿಂತಲೂ ಕಡೆ. ಹಮಾಲನೊಬ್ಬ ಆಫೀಸಿನ ಎಸಿ ರೂಮಿಗೆ ಬಂದು ಕಂಪ್ಯೂಟರ್ ಮುಂದೆ ಮಾತಾಡುವಾಗ ದನಿ ನಡುಗದೆ ಇರುತ್ತದಾ?

ಅದಕ್ಕಿಂತ ಮೊದಲು ಕೇಳಬೇಕಾದದ್ದು, ಕಳವು ಆಗಿದೆಯೋ ಇಲ್ಲವೋ ಅನ್ನುವುದು. ಮೆಣಸಿನಕಾಯಿಯ ತೇವ ಏರಿಳಿದರೆ ತೂಕವೂ ಏರಿಳಿಯುತ್ತದೆ, ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಚೀಲದ ಲೆಕ್ಕ ಸರಿ ಇದ್ದು ಕಿಲೋ ಮಾತ್ರ ಕಡಿಮೆಯೋ? ಚೀಲಗಳೇ ಕಡಿಮೆಯೋ? ಮೊದಲನೆಯದಾದರೆ ಒಳಗೆ ಬರುವಾಗಲೂ ಹೊರಗೆ ಹೋಗುವಾಗಲೂ ತೇವ ಅಳೆದು ರಸೀದಿಯ ಮೇಲೆ ಬರೆಯಿರಿ. ಜಗಳದ ಅರ್ಧ ಅಲ್ಲಿಗೇ ನಿಲ್ಲುತ್ತದೆ. ಎರಡನೆಯದಾದರೆ ಲಾಟ್ ನಂಬರ್, ಗೇಟ್ ಪಾಸ್, ಕಾಟಾ ಚೀಟಿ ಈ ಮೂರನ್ನೂ ಬೇರೆ ಬೇರೆಯವರು ಬರೆಯುವ ಹಾಗೆ ಮಾಡಿ, ಸಂಜೆ ತಾಳೆ ನೋಡಿ. ಮೂರೂ ಒಬ್ಬನೇ ಬರೆಯುತ್ತಿದ್ದರೆ ದೇವರಂಥವನನ್ನು ಕೂರಿಸಿದರೂ ಲೆಕ್ಕ ತಪ್ಪೀತು.

ಕಳವು ಆದದ್ದು ಖಾತ್ರಿಯಾದರೆ ಪೊಲೀಸರಿಗೆ ದೂರು ಕೊಡಿ. ಪಾಲಿಗ್ರಾಫ್ ಬೇಕೋ ಬೇಡವೋ ಅವರು ನೋಡಿಕೊಳ್ಳಲಿ. ಅಲ್ಲೂ ಒಪ್ಪಿಗೆ ಬೇಕು. ಒಪ್ಪಿ ಮಾಡಿಸಿಕೊಂಡರೂ ಅಲ್ಲಿ ಹೇಳಿದ್ದು ತಪ್ಪೊಪ್ಪಿಗೆ ಆಗುವುದಿಲ್ಲ. ಅದರಿಂದ ಮಾಲು ಸಿಕ್ಕಿದರೆ ಆ ಮಾಲನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು, ಅಷ್ಟೇ.

ಇನ್ನೊಂದು ಮಾತು, ಸಿಟ್ಟಾಗಬೇಡಿ. ಪರೀಕ್ಷೆ ಹಮಾಲರಿಗೆ, ಗೇಟಿನವರಿಗೆ ಅಂದಿರಿ. ಬಿಲ್ ಬರೆಯುವ ಗುಮಾಸ್ತರು, ನಿಮ್ಮ ಬೀಗರ ಹುಡುಗ ಇದ್ದರೆ ಅವನು, ನೀವು, ಇವರಿಗೆಲ್ಲ ಯಾಕಿಲ್ಲ? ನಾನು ಕಂಡ ಹಾಗೆ ಈ ಮಷಿನ್ ಯಾವಾಗಲೂ ಕೆಳಗಿನ ಮೆಟ್ಟಿಲಿನಿಂದಲೇ ಶುರುವಾಗುತ್ತದೆ, ಮೇಲೆ ಹತ್ತುವುದೇ ಇಲ್ಲ.

ಪ್ರಶ್ನೆ: ಗದಗಿನ ಬಟ್ಟೆ ಅಂಗಡಿಯೊಂದರಲ್ಲಿ ನನ್ನ ತಮ್ಮ ಮೂರು ವರ್ಷದಿಂದ ಕೆಲಸ ಮಾಡುತ್ತಿದ್ದಾನೆ. ಗಲ್ಲಾದಲ್ಲಿ ಹಣ ಕಡಿಮೆ ಬಂತೆಂದು ಎಲ್ಲರಿಗೂ ಖಾಸಗಿಯವರಿಂದ ಪಾಲಿಗ್ರಾಫ್ ಮಾಡಿಸಿದರು. ಇವನು ಫೇಲ್ ಅಂತೆ. ರಾಜೀನಾಮೆ ಬರೆದುಕೊಡು, ಸಂಬಳದಲ್ಲಿ ಮುರಿದುಕೊಳ್ಳುತ್ತೇವೆ ಅನ್ನುತ್ತಿದ್ದಾರೆ. ಏನು ಮಾಡಬೇಕು?

ಉತ್ತರ: ತಂಗೆವ್ವಾ, ಮೊದಲು ರಾಜೀನಾಮೆ ಬರೆಯಬೇಡ ಅಂತ ಅವನಿಗೆ ಹೇಳು. ಬರೆದುಕೊಟ್ಟರೆ ತಾನಾಗಿ ಬಿಟ್ಟ ಅಂತ ಆಗುತ್ತದೆ. ಆಮೇಲೆ ಬಿಡಿಸಿಕೊಳ್ಳುವುದು ಕಷ್ಟ.

1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಸೆಕ್ಷನ್ ಅವನ ಪಾಲಿಗಿದೆ. ಸತತ ಆರು ತಿಂಗಳು ಕೆಲಸ ಮಾಡಿದವರನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ ಕೊಡದೆ ತೆಗೆಯುವಂತಿಲ್ಲ. ತಪ್ಪು ಮಾಡಿದ್ದಾನೆ ಅಂತ ನೋಟಿಸ್ ಇಲ್ಲದೆ ತೆಗೆಯಬೇಕಾದರೆ ವಿಚಾರಣೆ ನಡೆಸಿ, ಅಲ್ಲಿ ಸಾಕ್ಷ್ಯ ದಾಖಲಿಸಿರಬೇಕು. ಮಷಿನ್ ಗೆರೆ ಒಂದನ್ನೇ ತೋರಿಸಿ ‘ವಿಚಾರಣೆ ಆಯ್ತು’ ಅಂದರೆ ಆಗುವುದಿಲ್ಲ. ತೆಗೆದೇಬಿಟ್ಟರೆ ಮೇಲ್ಮನವಿಗೆ ದಾರಿ ಇದೆ. ಅಮೆರಿಕದ ಕಾಯ್ದೆಯೂ ಹೀಗೇ ಹೇಳುತ್ತದೆ: ಕಳವಿನ ತನಿಖೆಗಾಗಿ ಟೆಸ್ಟ್ ಮಾಡಿದರೂ ಬೇರೆ ಸಾಕ್ಷ್ಯ ಇಲ್ಲದೆ ಅದರ ಫಲಿತಾಂಶದ ಮೇಲಷ್ಟೇ ಕೆಲಸದಿಂದ ತೆಗೆಯುವಂತಿಲ್ಲ.

ಸಂಬಳದ ಮಾತು. ಅವನ ಕೈಗೆ ಕೊಟ್ಟ ಹಣ ಅವನದೇ ನಿರ್ಲಕ್ಷ್ಯ ಅಥವಾ ತಪ್ಪಿನಿಂದ ಹೋಗಿದ್ದರೆ ಮಾತ್ರ ಮುರಿಯಬಹುದು. ಅದಕ್ಕೂ ಮೊದಲು ಅವನ ವಿವರಣೆ ಕೇಳಲೇಬೇಕು.

ಒಂದು ಪತ್ರ ಬರೆಯಲಿ. ‘ನಾನು ಹಣ ತೆಗೆದಿಲ್ಲ. ಪಾಲಿಗ್ರಾಫ್ ವರದಿಯ ಪ್ರತಿ, ನನ್ನ ಮೇಲಿನ ಆರೋಪ, ಎರಡನ್ನೂ ಲಿಖಿತವಾಗಿ ಕೊಡಿ’ ಅಂತ ಇಷ್ಟೇ ಸಾಕು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಲಿ. ಆಮೇಲೆ ಗದಗಿನಲ್ಲೇ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಲಿ. ವಕೀಲರ ಫೀಸಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೋರ್ಟಿನ ಆವರಣದಲ್ಲೇ ಸಿಗುತ್ತದೆ. ಅರ್ಹರಿಗೆ ಅಲ್ಲಿ ಉಚಿತ ನೆರವು ಉಂಟು, ಸಹಾಯವಾಣಿ 15100.

ಹೋಗುವ ಮುಂಚೆ ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ: ಹಣ ಕಡಿಮೆ ಬಂದ ದಿನ ಗಲ್ಲಾದ ಮೇಲೆ ಯಾರು ಯಾರು ಕೂತಿದ್ದರು, ಕೀಲಿ ಯಾರ ಹತ್ತಿರ ಇತ್ತು, ಯುಪಿಐ ಹಣವನ್ನೂ ನಗದನ್ನೂ ರಾತ್ರಿ ಬೇರೆ ಬೇರೆಯಾಗಿ ತಾಳೆ ಮಾಡಿದ್ದರೇ, ಸಿಸಿಟಿವಿ ನಡೆಯುತ್ತಿತ್ತೇ. ಸಿಸಿಟಿವಿ ಇದ್ದರೆ ಆ ದಿನದ ರೆಕಾರ್ಡಿಂಗ್ ಅಳಿಸಬೇಡಿ ಅಂತ ಅದೇ ಪತ್ರದಲ್ಲಿ ಒಂದು ಸಾಲು ಸೇರಿಸಲಿ. ಹಳೆಯದರ ಮೇಲೆ ಹೊಸದು ತುಂಬಿಕೊಳ್ಳುತ್ತ ಹೋಗುತ್ತದೆ, ಹಾಗಾಗಿ ಪತ್ರ ಇವತ್ತೇ ಹೋಗಲಿ.