ಡಿಜಿಟಲ್ ರೇಡಿಯೊದಲ್ಲಿ ಪಿಟೀಲು ಏಕೆ ಸಪ್ಪೆ?

ಓದುಗರ ಪತ್ರ: ಸಿ.ಡಿ.ಯಷ್ಟೇ ಶುದ್ಧವಾದ ಧ್ವನಿ ಎಂಬ ಮಾತನ್ನು ನಂಬಿ ಡಿಜಿಟಲ್ ರೇಡಿಯೊ ಕೊಂಡೆ. ಗೊರಗೊರ ಸದ್ದು ಹೋಯಿತು, ನಿಜ. ಆದರೆ ಹಳೆಯ ಎಫ್‌ಎಂ ಸೆಟ್ಟಿನಲ್ಲಿ ತುಂಬಿ ಬರುತ್ತಿದ್ದ ಪಿಟೀಲು ಇದರಲ್ಲಿ ಸಪ್ಪೆ. ನನ್ನ ಕಿವಿ ಸೋತಿತೇ? ದೊಡ್ಡ ಆಂಟೆನಾ ಹಾಕಿಸಿದರೆ ಸರಿಹೋದೀತೇ?

ಸಂಪಾದಕರ ಉತ್ತರ: ನಿಮ್ಮ ಕಿವಿ ಚೆನ್ನಾಗಿಯೇ ಇದೆ. ಡಿಜಿಟಲ್ ಎಂಬುದು ಧ್ವನಿಯನ್ನು ಸಾಗಿಸುವ ಒಂದು ಬಗೆ, ಅಷ್ಟೇ. ಇಂಪು ಉಳಿಯುವುದೋ ಅಳಿಯುವುದೋ ಎಂಬುದು ಪ್ರಸಾರಕರು ಪ್ರತಿ ಸೆಕೆಂಡಿಗೆ ಎಷ್ಟು ಬಿಟ್ (ಡಿಜಿಟಲ್ ಮಾಹಿತಿಯ ಅತಿ ಚಿಕ್ಕ ತುಣುಕು) ಕೊಡುತ್ತಾರೆ ಎಂಬುದನ್ನು ಅವಲಂಬಿಸಿದೆ.

ಸಿ.ಡಿ.ಯಲ್ಲಿ ಅದು 1,411 ಕಿಲೋಬಿಟ್. ಬಾನುಲಿಯಲ್ಲಿ ಒಂದು ಕೇಂದ್ರಕ್ಕೆ ಅಷ್ಟು ಜಾಗ ಸಿಗದು. 1995ರಲ್ಲಿ ಬ್ರಿಟನ್ ಮತ್ತು ನಾರ್ವೆಯಲ್ಲಿ ಪ್ರಸಾರ ಕಂಡ ಡಿಎಬಿ (ಡಿಜಿಟಲ್ ಆಡಿಯೊ ಬ್ರಾಡ್‌ಕಾಸ್ಟಿಂಗ್) ಎಂಬ ಡಿಜಿಟಲ್ ರೇಡಿಯೊ ಪದ್ಧತಿಯಲ್ಲಿ ಸುಮಾರು ಒಂದೂವರೆ ಮೆಗಾಹರ್ಟ್ಸ್ ಅಗಲದ ಪಟ್ಟಿಯನ್ನು ಹಲವು ಕೇಂದ್ರಗಳು ಹಂಚಿಕೊಳ್ಳುತ್ತವೆ. ರೂಢಿಯಲ್ಲಿರುವಂತೆ ದೋಷ ತಿದ್ದಲು ಮೀಸಲಿಡುವ ಪಾಲನ್ನು ಕಳೆದರೆ ಉಳಿಯುವುದು 1,152 ಕಿಲೋಬಿಟ್. ತಲಾ 192ರಂತೆ ಹಂಚಿದರೆ ಆರು ಕೇಂದ್ರ, 128ರಂತೆ ಹಂಚಿದರೆ ಒಂಬತ್ತು. ಬ್ರಿಟನ್ನಿನ ಬಹುಪಾಲು ಸಂಗೀತ ಕೇಂದ್ರಗಳಿಗೆ ದಕ್ಕಿದ್ದು 128 ಮಾತ್ರ. ಧ್ವನಿಯನ್ನು ಕಡಿಮೆ ಬಿಟ್‌ಗಳಿಗೆ ಕುಗ್ಗಿಸಲು ಡಿಎಬಿ ಬಳಸುವ ಎಂಪಿ2 ಎಂಬ ಸಂಕುಚನ ವಿಧಾನಕ್ಕೆ ಅಷ್ಟರಲ್ಲಿ ಸ್ಟೀರಿಯೊ ಸಂಗೀತವನ್ನು ಹಿಡಿದಿಡುವ ಕಸುವಿಲ್ಲ. ಮೊದಲ ಪೆಟ್ಟು ಬೀಳುವುದು ಪಿಟೀಲಿನ ಮೇಲಿನ ಸ್ವರಗಳಿಗೆ, ತಾಳದ ಝೇಂಕಾರಕ್ಕೆ, ಸಭೆಯ ಚಪ್ಪಾಳೆಗೆ. ಒಳ್ಳೆಯ ತಂತ್ರ ಕೈಯಲ್ಲಿದ್ದೂ ಕೇಂದ್ರಗಳ ಸಂಖ್ಯೆಗಾಗಿ ನಾದವನ್ನು ಬಿಟ್ಟುಕೊಟ್ಟದ್ದು ನನಗೆ ಇಂದಿಗೂ ನೋವಿನ ಸಂಗತಿ.

2007ರಲ್ಲಿ ಬಂದ ಡಿಎಬಿ ಪ್ಲಸ್ ಹೆಚ್ಚು ಸಮರ್ಥವಾದ ಎಎಸಿ ಸಂಕುಚನವನ್ನು ಬಳಸುತ್ತದೆ. ಅರ್ಧದಷ್ಟು ಬಿಟ್‌ಗಳಲ್ಲೇ ಅದೇ ಗುಣಮಟ್ಟ ಕೊಡಬಲ್ಲದು. ಆದರೆ ಉಳಿತಾಯವನ್ನೆಲ್ಲ ಹೊಸ ಕೇಂದ್ರಗಳಿಗೇ ಸುರಿದು 32, 48 ಕಿಲೋಬಿಟ್‌ಗೆ ಇಳಿದರೆ ಪರಿಣಾಮ ವಿಚಿತ್ರವಾಗಿರುತ್ತದೆ. ಆಗ ಮೇಲಿನ ಸ್ವರಗಳು ಪೂರ್ತಿಯಾಗಿ ಬರುವುದೇ ಇಲ್ಲ. ಕೆಳಗಿನ ಸ್ವರಗಳನ್ನೇ ನಕಲು ಮಾಡಿ, ಜೊತೆಗೆ ಬಂದ ಕೆಲವು ಸುಳಿವುಗಳ ಆಧಾರದಿಂದ ನಿಮ್ಮ ರೇಡಿಯೊ ಅವನ್ನು ಹೊಸದಾಗಿ ಕಟ್ಟುತ್ತದೆ. ಮಾತಿಗೆ ಇದು ಸಾಲುತ್ತದೆ. ಪಿಟೀಲಿಗೆ ಸಾಲದು.

ಡಿಜಿಟಲ್ಲನ್ನು ಹಳಿಯಲು ಇದನ್ನು ಬರೆಯುತ್ತಿಲ್ಲ. ಓಡುವ ಕಾರಿನಲ್ಲಿ ಎಫ್‌ಎಂ ಪಡುವ ಪಾಡು ಡಿಎಬಿಗೆ ಇಲ್ಲ. ಮಧ್ಯಮ ತರಂಗದಲ್ಲಂತೂ ಡಿಆರ್‌ಎಂ (ಡಿಜಿಟಲ್ ರೇಡಿಯೊ ಮೊಂಡಿಯಾಲ್) ಎಂಬ ಇನ್ನೊಂದು ಡಿಜಿಟಲ್ ಪದ್ಧತಿ ದೊಡ್ಡ ವರವೇ: ಹಳೆಯ ಎಎಂ ಪ್ರಸಾರದಲ್ಲಿ ಸುಮಾರು ನಾಲ್ಕೂವರೆ ಕಿಲೋಹರ್ಟ್ಸ್‌ಗೆ ನಿಂತುಹೋಗುತ್ತಿದ್ದ ಧ್ವನಿ ಅಷ್ಟೇ ಜಾಗದಲ್ಲಿ ಅರಳುತ್ತದೆ.

ಇನ್ನು ಆಂಟೆನಾ. ಎಫ್‌ಎಂ ಸಂಕೇತ ಕ್ಷೀಣಿಸಿದಂತೆ ಗೊರಗೊರ ಮೆಲ್ಲಗೆ ಏರುತ್ತದೆ. ಡಿಜಿಟಲ್ ಹಾಗಲ್ಲ, ಕೊನೆಯವರೆಗೂ ಸ್ವಚ್ಛವಾಗಿದ್ದು, ಗುಳುಗುಳು ಎಂದು ಥಟ್ಟನೆ ಮೌನವಾಗುತ್ತದೆ. ಆ ತೊಂದರೆ ಇದ್ದರೆ ದೊಡ್ಡ ಆಂಟೆನಾ ನೆರವಾದೀತು. ಸಪ್ಪೆತನಕ್ಕೆ ಅದು ಮದ್ದಲ್ಲ. ಪ್ರಸಾರಕ್ಕೆ ಮೊದಲೇ ಕಳಚಿಹೋದ ಸ್ವರವನ್ನು ಯಾವ ಆಂಟೆನಾವೂ ಮರಳಿ ತರಲಾರದು. ಅನೇಕ ಸೆಟ್ಟುಗಳಲ್ಲಿ ಮಾಹಿತಿಯ ಗುಂಡಿ ಒತ್ತುತ್ತ ಹೋದರೆ ಕಿಲೋಬಿಟ್ ಸಂಖ್ಯೆ ಪರದೆಯ ಮೇಲೆ ಕಾಣುತ್ತದೆ. ಅದನ್ನು ಗುರುತು ಮಾಡಿಕೊಂಡು, ಹೆಡ್‌ಫೋನಿನಲ್ಲಿ ಅದೇ ಕಾರ್ಯಕ್ರಮವನ್ನು ಎಫ್‌ಎಂನೊಂದಿಗೆ ಹೋಲಿಸಿ ಕೇಳಿ. ಬಳಿಕ ಕೇಂದ್ರಕ್ಕೆ ಪತ್ರ ಬರೆಯಿರಿ. ಆ ಸಂಖ್ಯೆಯನ್ನು ತಪ್ಪದೆ ನಮೂದಿಸಿ.