ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್, ಆರಂಭದ ಹಂತ. ಆಪರೇಷನ್ನೋ ರೇಡಿಯೇಷನ್ನೋ? ಆಮೇಲಿನ ಜೀವನ ಹೇಗಿರುತ್ತೆ?

ಅಪ್ಪನಿಗೆ 64 ವರ್ಷ, ಪಿಎಸ್‌ಎ (ಪ್ರಾಸ್ಟೇಟಿಗೆ ಮಾಡುವ ರಕ್ತಪರೀಕ್ಷೆ) 6.2, ಗ್ಲೀಸನ್ (ತುಣುಕು ತೆಗೆದು ನೋಡುವ ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಷ್ಟು ಉಗ್ರ ಅಂತ ಕೊಡುವ ಅಂಕ) 3+3, ಅಂದರೆ ಕಡಿಮೆ ಉಗ್ರ, ಕ್ಯಾನ್ಸರ್ ಪ್ರಾಸ್ಟೇಟ್ ಗ್ರಂಥಿಯ ಒಳಗೇ ಇದೆ, ಇಬ್ಬರು ಡಾಕ್ಟರು ಎರಡು ಮಾತು ಹೇಳುತ್ತಿದ್ದಾರೆ ಅಂತ ಬರೆದಿದ್ದೀರಿ. ಮೂರನೇ ದಾರಿಯೂ ಇದೆ: ಸದ್ಯಕ್ಕೆ ಚಿಕಿತ್ಸೆ ಶುರು ಮಾಡದೆ ಬಿಗಿಯಾಗಿ ನಿಗಾ ಇಡುವುದು. 3+3 ಇದ್ದರೆ ಮೊದಲು ಅದರ ಬಗ್ಗೆಯೇ ಕೇಳಿ ಅನ್ನುತ್ತೇನೆ.

ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದಲ್ಲಿ 1,643 ಗಂಡಸರನ್ನು ಚೀಟಿ ಎತ್ತಿದ ಹಾಗೆ ಈ ಮೂರು ದಾರಿಗೆ ಹಂಚಿದ್ದರು. 2023ರಲ್ಲಿ ಬಂದ 15 ವರ್ಷದ ಲೆಕ್ಕದಲ್ಲಿ, ಈ ಕ್ಯಾನ್ಸರಿನಿಂದಲೇ ತೀರಿಕೊಂಡವರು ಮೂರೂ ಗುಂಪಿನಲ್ಲಿ ಶೇ. 3ರ ಆಸುಪಾಸು. ಕಾಯಿಲೆ ಹರಡಿದ್ದು ನಿಗಾ ಗುಂಪಿನಲ್ಲಿ ಶೇ. 9.4, ಉಳಿದೆರಡರಲ್ಲಿ ಶೇ. 5ರಷ್ಟು. ಆದರೆ ಅಲ್ಲಿ ನಿಗಾ ಅಂದರೆ ಮುಖ್ಯವಾಗಿ ಪಿಎಸ್‌ಎ ಮಾತ್ರ. ಈಗ ಎಂಆರ್‌ಐ, ಮರುಬಯಾಪ್ಸಿ ಎಲ್ಲ ಸೇರಿವೆ. 15 ವರ್ಷದೊಳಗೆ ನಿಗಾದವರಲ್ಲೂ ಶೇ. 61 ಮಂದಿ ಚಿಕಿತ್ಸೆ ತೆಗೆದುಕೊಂಡರು. ಅಂದರೆ ಇದು ಬಹಳ ಜನರಿಗೆ ತೊಂದರೆಗಳನ್ನು ಮುಂದಕ್ಕೆ ಹಾಕುವ ದಾರಿ. ಆರೋಗ್ಯವಾಗಿ ಕಳೆದ ಐದಾರು ವರ್ಷ ಸಣ್ಣದೇನಲ್ಲ. "ಒಳಗೆ ಕ್ಯಾನ್ಸರ್ ಇಟ್ಟುಕೊಂಡು ನಿದ್ದೆ ಬರುತ್ತಾ?" ಅನ್ನುವ ಭಯ ಸಹಜ, ಆದರೆ ಆತಂಕ, ಖಿನ್ನತೆಯಲ್ಲಿ ಮೂರು ಗುಂಪುಗಳಿಗೂ ವ್ಯತ್ಯಾಸ ಕಾಣಲಿಲ್ಲ.

ವ್ಯತ್ಯಾಸ ಕಂಡದ್ದು ಮೂತ್ರ, ಲೈಂಗಿಕತೆ, ಮಲವಿಸರ್ಜನೆಯಲ್ಲಿ.

ಪ್ರಾಸ್ಟೇಟ್ ತೆಗೆಯುವ ಆಪರೇಷನ್ ಆದ ಆರು ತಿಂಗಳಿಗೆ ಮೂತ್ರ ಸೋರುತ್ತದೆಂದು ಪ್ಯಾಡ್ ಹಾಕುತ್ತಿದ್ದವರು ಶೇ. 46, ಆರು ವರ್ಷಕ್ಕೆ ಶೇ. 17. ಕೆಮ್ಮಿದಾಗ, ಕುರ್ಚಿಯಿಂದ ಏಳುವಾಗ, ಬಕೆಟ್ ಎತ್ತುವಾಗ ಸೋರುತ್ತದೆ. ಸ್ನಾಯು ದಣಿಯುವುದರಿಂದ ಸಂಜೆ ಹೆಚ್ಚು. ಕೆಗೆಲ್ ವ್ಯಾಯಾಮವನ್ನು ಆಪರೇಷನ್ನಿಗೆ ಮೊದಲೇ ಕಲಿಯಬೇಕು: ಹೂಸು ತಡೆಯುವಾಗ ಬಿಗಿಯುವ ಸ್ನಾಯುವನ್ನೇ ಬಿಗಿದು 5ರಿಂದ 10 ಸೆಕೆಂಡ್ ಹಿಡಿದು ಅಷ್ಟೇ ಹೊತ್ತು ಸಡಿಲಿಸಿ, ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಹೊಟ್ಟೆ, ತೊಡೆ ಬಿಗಿದು ಉಸಿರು ಕಟ್ಟಿದರೆ ಒತ್ತಡ ಕೆಳಕ್ಕೇ ಬಿದ್ದು ಇನ್ನಷ್ಟು ಸೋರುತ್ತದೆ. ಹೆಚ್ಚಿನವರು ತಪ್ಪುವುದು ಇಲ್ಲೇ. ಕ್ಯಾತಿಟರ್ (ಮೂತ್ರ ಹೋಗಲು ಹಾಕಿದ ನಳಿಕೆ) ಇರುವಾಗ ಮಾಡಬಾರದು. ಸುಧಾರಣೆ ಅಳೆಯಲು ಒಣ ಪ್ಯಾಡನ್ನೂ ಒದ್ದೆ ಪ್ಯಾಡನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಒಂದು ಗ್ರಾಂ ಹೆಚ್ಚಿದ್ದರೆ ಹೆಚ್ಚುಕಮ್ಮಿ ಒಂದು ಎಂಎಲ್.

ನಿಮಿರುವಿಕೆಯ ಮಾತು ಮನೆಯಲ್ಲಿ ಯಾರೂ ಎತ್ತುವುದಿಲ್ಲ, ನೀವೇ ಎತ್ತಿ. ಸಂಭೋಗಕ್ಕೆ ಸಾಕಾಗುವಷ್ಟು ಗಟ್ಟಿತನ ಚಿಕಿತ್ಸೆಗೆ ಮೊದಲು ಶೇ. 67 ಮಂದಿಗಿತ್ತು. ಆರು ತಿಂಗಳಿಗೆ ಅದು ಆಪರೇಷನ್ನಿನವರಲ್ಲಿ ಶೇ. 12, ರೇಡಿಯೇಷನ್ನಿನವರಲ್ಲಿ ಶೇ. 22, ನಿಗಾದವರಲ್ಲಿ ಶೇ. 52. ಆರು ವರ್ಷಕ್ಕೆ ಕ್ರಮವಾಗಿ 17, 27, 30; ವಯಸ್ಸು ಯಾರನ್ನೂ ಬಿಡುವುದಿಲ್ಲ. ಆಪರೇಷನ್ ನಂತರ ಸುಖದ ಅನುಭವ ಉಳಿದರೂ ವೀರ್ಯ ಬರುವುದಿಲ್ಲ. ನಿಮಿರುವಿಕೆಗೆ ಸಿಲ್ಡೆನಾಫಿಲ್ ಮಾತ್ರೆ ಕೊಟ್ಟರೆ ಭಾರೀ ಊಟದ ಮೇಲೆ ಬೇಡ, ಕೆಲಸ ಮಾಡುವುದು ತಡವಾಗುತ್ತದೆ. ಎದೆನೋವಿಗೆ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ತೆಗೆದುಕೊಳ್ಳುವವರಂತೂ ಮುಟ್ಟಲೇಬಾರದು, ಬಿಪಿ ಕುಸಿಯುತ್ತದೆ.

ರೇಡಿಯೇಷನ್ನಿನಲ್ಲಿ ಪ್ಯಾಡ್ ಕಾಟ ಕಡಿಮೆ, ಹೊಟ್ಟೆಯ ಕಾಟ ಹೆಚ್ಚು: 12ನೇ ವರ್ಷಕ್ಕೆ ಮಲ ಸೋರುವ ತೊಂದರೆ ಶೇ. 12 ಮಂದಿಗೆ, ಉಳಿದೆರಡು ಗುಂಪಿನಲ್ಲಿ ಅದರ ಅರ್ಧ. ಚಿಕಿತ್ಸೆಯ ದಿನಗಳಲ್ಲಿ ಆಸ್ಪತ್ರೆ ಹೇಳಿದಷ್ಟು ನೀರು ಕುಡಿದು ಮೂತ್ರಕೋಶ ತುಂಬಿರಬೇಕು, ಮಲಾಶಯ ಖಾಲಿ ಇರಬೇಕು. ಹಿಂದಿನ ರಾತ್ರಿಯ ಕಡಲೆಕಾಳಿನ ಉಸಲಿ ಗ್ಯಾಸ್ ಮಾಡಿದರೆ ಮಲಾಶಯ ಉಬ್ಬಿ ಪ್ರಾಸ್ಟೇಟನ್ನೇ ಜರುಗಿಸುತ್ತದೆ. ವರ್ಷ ಕಳೆದ ಮೇಲೆ ಮಲದಲ್ಲಿ ರಕ್ತ ಕಂಡು ಕೊಲೊನೊಸ್ಕೋಪಿಗೆ (ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ) ಹೋದರೆ ರೇಡಿಯೇಷನ್ ಆಗಿದೆ ಅಂತ ಮೊದಲೇ ಹೇಳಿ. ಆ ಜಾಗದಲ್ಲಿ ಪರೀಕ್ಷೆಗೆ ತುಣುಕು ತೆಗೆದರೆ ಗಾಯ ಮಾಯದೆ ಉಳಿಯಬಹುದು.

ರೋಬಾಟ್ ಬಳಸಿ ಆಪರೇಷನ್ ಆದರೆ ಎಲ್ಲ ಸುಸೂತ್ರ ಅನ್ನುವುದನ್ನು ಪೂರ್ತಿ ನಂಬಬೇಡಿ. ರಕ್ತನಷ್ಟ ಕಡಿಮೆ, ಮನೆಗೆ ಬೇಗ ಬರಬಹುದು. ಆದರೆ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಹೊಟ್ಟೆ ಕೊಯ್ದು ಮಾಡುವ ಆಪರೇಷನ್ ಜೊತೆ ಹೋಲಿಸಿದಾಗ ಮೂತ್ರ, ಲೈಂಗಿಕ ವಿಷಯದಲ್ಲಿ ಎರಡೂ ಹತ್ತಿರ ಹತ್ತಿರವೇ ಇದ್ದವು. ಸರ್ಜನ್ ಹತ್ತಿರ ಹೀಗೆ ಕೇಳಿ: ನೀವು ಆಪರೇಷನ್ ಮಾಡಿದವರಲ್ಲಿ ಒಂದು ವರ್ಷ ತುಂಬುವ ಹೊತ್ತಿಗೆ ಎಷ್ಟು ಮಂದಿಗೆ ಮೂತ್ರ ಸೋರುವುದು ನಿಂತಿದೆ? ನಿಂತಿದೆ ಅಂದರೆ ಪ್ಯಾಡೇ ಇಲ್ಲವೋ, "ಇರಲಿ" ಅಂತ ದಿನಕ್ಕೊಂದು ಹಾಕುತ್ತಾರೋ?